ಸೋತ ನಾಯಿ ಮನೆಗೆ ಬಂದ ಕತೆ

1/8 ಕಿವಿಯೊಳಗಿನ ಹಚ್ಚೆ

ಫೋಟೋನ ಸ್ವಲ್ಪ ಝೂಮ್ ಮಾಡಿ ನೋಡಿ. ಸೋಫಾ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿರೋ ಈ ನಾಯಿಯ ಕಿವಿ ಮಗುಚಿಕೊಂಡಿದೆ. ಒಳಗಡೆ ಹಸಿರು ಶಾಯಿಯಲ್ಲಿ ಏನೋ ಬರೆದ ಹಾಗಿದೆ ಅಲ್ವಾ? ಅದು ಹಚ್ಚೆ.

ಅಮೆರಿಕದ ರೇಸ್ ಗ್ರೇಹೌಂಡ್‌ಗಳಿಗೆ ಮರಿಯಾಗಿದ್ದಾಗಲೇ ಎರಡೂ ಕಿವಿಗೆ ಹೀಗೆ ಹಚ್ಚೆ ಹಾಕ್ತಾರೆ. ಬಲಗಿವಿಯಲ್ಲಿ '58ಸಿ' ಅಂತಿದ್ರೆ ಹೀಗೆ ಓದ್ಕೋಬೇಕು: 5 ಅಂದ್ರೆ ಮೇ ತಿಂಗಳು, 8 ಅಂದ್ರೆ ಹುಟ್ಟಿದ ವರ್ಷದ ಕೊನೆಯ ಅಂಕಿ, ಸಿ ಅಂದ್ರೆ ಆ ಸೂಲಿನಲ್ಲಿ ಹಚ್ಚೆ ಹಾಕಿಸಿಕೊಂಡ ಮೂರನೇ ಮರಿ. ಎಡಗಿವಿಯಲ್ಲಿ ಆ ಸೂಲಿನ ನೋಂದಣಿ ಸಂಖ್ಯೆ. ಓಟಕ್ಕೆ ಇಳಿಯೋ ಮೊದಲು ನಾಯಿ ಬದಲಾಯಿಸಿ ಮೋಸ ಮಾಡಬಾರದು ಅಂತ ಮಾಡಿಕೊಂಡ ವ್ಯವಸ್ಥೆ. ಯಾಕಂದ್ರೆ ಆ ನಾಯಿ ಮೇಲೆ ಜನ ದುಡ್ಡು ಕಟ್ಟಿರುತ್ತಿದ್ದರು.

ಗ್ರೇಹೌಂಡ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಆಂಧ್ರದ ಪೊಲೀಸ್ ಪಡೆ, ಇಲ್ಲಾಂದ್ರೆ ಅಮೆರಿಕದ ಬಸ್ಸು. ನಾಯಿ ನೋಡಿದವರು ಕಡಿಮೆ. ಕಣ್ಣಿಗೆ ಕಟ್ಟಬೇಕು ಅಂದ್ರೆ ನಮ್ಮ ಮುಧೋಳ ನಾಯಿಯನ್ನು ನೆನಪಿಸಿಕೊಳ್ಳಿ. ಅದೇ ಉದ್ದ ಮೂತಿ, ಒಳಗೆ ಸೇದಿಕೊಂಡ ಹೊಟ್ಟೆ, ಸಪೂರ ಕಾಲು. ಎರಡೂ ಮೂಗಿಗಿಂತ ಕಣ್ಣನ್ನು ನಂಬಿ ಬೇಟೆಯಾಡೋ ಜಾತಿ. ಗ್ರೇಹೌಂಡ್ ಮಾತ್ರ ಇನ್ನೂ ದಪ್ಪ ತೊಡೆ, ಇನ್ನೂ ಆಳದ ಎದೆ. ಗಂಟೆಗೆ 65 ಕಿಲೋಮೀಟರ್ ದಾಟಿ ಓಡುತ್ತೆ.

ಉಳೋ ಎತ್ತು ಮುದಿಯಾದ ಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಅದನ್ನ ಬಾಯಿಬಿಟ್ಟು ಕೇಳೋರು ಕಡಿಮೆ. ಈ ಸರಣಿಯಲ್ಲಿ ಅದೇ ಪ್ರಶ್ನೆಯನ್ನ ಓಡೋ ನಾಯಿಯ ಬಗ್ಗೆ ಕೇಳೋಣ. ಕತೆ ಶುರುವಾಗೋದು ಒಂದು ಮೊಲದಿಂದ.

2/8 ಮೊಲ ಉಳಿಸೋಕೆ ಬಂದ ಯಂತ್ರ

ರೇಸ್ ಟ್ರ್ಯಾಕ್ ಬರೋಕೆ ಮುಂಚೆ ಇಂಗ್ಲೆಂಡಿನಲ್ಲಿ ಇದ್ದದ್ದು ಬಯಲಿನ ಆಟ. ಒಂದು ಜೀವಂತ ಮೊಲವನ್ನ ಎಬ್ಬಿಸಿ, ಅದರ ಹಿಂದೆ ಎರಡು ಗ್ರೇಹೌಂಡ್ ಬಿಡೋದು. ಮೊಲ ಸಾಯಲೇಬೇಕು ಅಂತ ನಿಯಮ ಇರಲಿಲ್ಲ. ಯಾವ ನಾಯಿ ಅದನ್ನ ಹೆಚ್ಚು ಸಲ ತಿರುಗಿಸಿತು, ಎಷ್ಟು ಚುರುಕಾಗಿ ಬೆನ್ನಟ್ಟಿತು ಅಂತ ಅಂಕ ಕೊಡ್ತಿದ್ರು. ಆದರೆ ಎಷ್ಟೋ ಸಲ ಮೊಲ ಸಾಯುತ್ತಿತ್ತು, ಅದೂ ಎರಡು ಬಾಯಿಗಳ ನಡುವೆ ಹರಿದು. ಈ ಆಟದ ದೊಡ್ಡ ಪಂದ್ಯ ವಾಟರ್‌ಲೂ ಕಪ್. ಲಿವರ್‌ಪೂಲ್ ಹತ್ತಿರ 1836ರಲ್ಲಿ ಶುರುವಾಗಿ 2005ರವರೆಗೆ ನಡೀತು.

ಅಮೆರಿಕದಲ್ಲೂ ಇದೇ ಆಟ ಇತ್ತು. ಅಲ್ಲಿ ಓವನ್ ಪ್ಯಾಟ್ರಿಕ್ ಸ್ಮಿತ್ ಅನ್ನೋ ಮನುಷ್ಯನಿಗೆ ಮೊಲ ಸಾಯೋದು ಸರಿ ಕಾಣಲಿಲ್ಲ. ನಾಯಿಗೆ ಬೇಕಾಗಿರೋದು ಕಣ್ಣ ಮುಂದೆ ಓಡೋ ಒಂದು ವಸ್ತು ತಾನೇ? ಅದು ಜೀವಂತ ಯಾಕೆ ಇರಬೇಕು? ವರ್ಷಗಟ್ಟಲೆ ಪ್ರಯೋಗ ಮಾಡಿ, ಹಳಿಯ ಮೇಲೆ ಮೋಟಾರಿನಿಂದ ಓಡೋ ಕೃತಕ ಮೊಲ ತಯಾರಿಸಿದ. 1919ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ದುಂಡನೆಯ ಟ್ರ್ಯಾಕ್ ಕಟ್ಟಿ ಓಟ ನಡೆಸಿದ. ಇವತ್ತಿನ ಗ್ರೇಹೌಂಡ್ ರೇಸ್ ಹುಟ್ಟಿದ್ದು ಅಲ್ಲೇ.

ಇಲ್ಲಿ ಒಂದು ಕ್ಷಣ ನಿಲ್ಲಿ. ಉದ್ದೇಶ ಒಳ್ಳೆಯದೇ. ಆದರೆ ಜೀವಂತ ಮೊಲ ಇದ್ದಾಗ ಆಟಕ್ಕೆ ಒಂದು ಮಿತಿ ಇತ್ತು. ಬಯಲು ಬೇಕು, ಮೊಲ ಸಿಗಬೇಕು, ಹಗಲಿರಬೇಕು. ಯಂತ್ರದ ಮೊಲಕ್ಕೆ ಇದ್ಯಾವುದೂ ಬೇಡ. ಊರಿನ ನಡುವೆ, ರಾತ್ರಿ ಲೈಟ್ ಹಾಕಿ, ಹದಿನೈದು ನಿಮಿಷಕ್ಕೊಂದು ಓಟ ನಡೆಸಬಹುದು. ಸುಸ್ತಾಗದ ಮೊಲಕ್ಕೆ ಬೇಕಾಗಿದ್ದು ಒಂದೇ: ಲೆಕ್ಕವಿಲ್ಲದಷ್ಟು ನಾಯಿಗಳು.

3/8 ಮ್ಯಾಂಚೆಸ್ಟರಿನ ಶನಿವಾರ

1926ರ ಜುಲೈ 24, ಶನಿವಾರ. ಮ್ಯಾಂಚೆಸ್ಟರಿನ ಬೆಲ್‌ವ್ಯೂ. ಚಾರ್ಲ್ಸ್ ಮನ್ ಅನ್ನೋ ಅಮೆರಿಕನ್, ಸ್ಮಿತ್‌ನ ಯಂತ್ರದ ಮೊಲವನ್ನ ಬ್ರಿಟನ್‌ಗೆ ತಂದು, ಸಂಗಡಿಗರ ಜೊತೆ ಅಲ್ಲಿ ಟ್ರ್ಯಾಕ್ ಕಟ್ಟಿದ್ದ. ಮೊದಲ ದಿನ ಬಂದದ್ದು ಸುಮಾರು 1,700 ಜನ. ಮೊದಲ ಓಟ ಗೆದ್ದ ನಾಯಿಯ ಹೆಸರು ಮಿಸ್ಟ್ಲಿ. ಕೆಲವೇ ವಾರಗಳಲ್ಲಿ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಬರೋಕೆ ಶುರು ಮಾಡಿದ್ರು. ಮರುವರ್ಷ ಲಂಡನ್ನಿನ ವೈಟ್ ಸಿಟಿಯಲ್ಲೂ ಓಟ ಆರಂಭ.

ಇಷ್ಟು ಬೇಗ ಯಾಕೆ ಹಬ್ಬಿತು? ಕುದುರೆ ರೇಸು ಹಗಲು ಹೊತ್ತಿನದು, ಊರಾಚೆಯದು. ಗಿರಣಿಯಲ್ಲಿ, ಕಾರ್ಖಾನೆಯಲ್ಲಿ ದುಡಿಯೋನು ರಜೆ ಹಾಕಿ, ರೈಲು ಹತ್ತಿ ಹೋಗಬೇಕು. ನಾಯಿ ಓಟ ಅವನ ಮನೆ ಹತ್ತಿರ, ಕೆಲಸ ಮುಗಿದ ಮೇಲೆ, ಸಂಜೆ ದೀಪದ ಬೆಳಕಲ್ಲಿ. ಇನ್ನೊಂದು ಕಾರಣ ಕಾನೂನು. ಆಗ ಬ್ರಿಟನ್ನಿನಲ್ಲಿ ರೇಸ್ ಮೈದಾನದ ಹೊರಗೆ ನಗದು ಕೊಟ್ಟು ಬೆಟ್ ಕಟ್ಟೋದು ಅಪರಾಧ, ಒಳಗೆ ಕಟ್ಟಬಹುದಿತ್ತು. ಹಾಗಾಗಿ ಬಡವನ ಬೆಟ್ಟಿಂಗ್‌ಗೆ ಕಾನೂನುಬದ್ಧ ಜಾಗ ಅಂದ್ರೆ ನಾಯಿ ಟ್ರ್ಯಾಕು. ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೆ ಇಲ್ಲಿಗೆ ಬರುತ್ತಿದ್ದವರ ಲೆಕ್ಕ ವರ್ಷಕ್ಕೆ ಕೋಟಿಗಳಲ್ಲಿತ್ತು. 1961ರಲ್ಲಿ ಬೀದಿಬೀದಿಯಲ್ಲಿ ಬೆಟ್ಟಿಂಗ್ ಅಂಗಡಿ ತೆರೆಯೋಕೆ ಅನುಮತಿ ಸಿಕ್ಕ ಮೇಲೆ ಜನ ಕರಗಿದರು.

ಅತ್ತ ಅಮೆರಿಕದ ಫ್ಲಾರಿಡಾ ರಾಜ್ಯ 1931ರಲ್ಲಿ ರೇಸ್ ಬೆಟ್ಟಿಂಗನ್ನ ಕಾನೂನುಬದ್ಧ ಮಾಡಿತು. ಆರ್ಥಿಕ ಕುಸಿತದ ಕಾಲ, ಸರ್ಕಾರಕ್ಕೆ ತೆರಿಗೆ ಬೇಕಿತ್ತು. ಹೀಗೆ ಎರಡು ದೇಶದಲ್ಲೂ ನಾಯಿ ಓಟದ ಬೆನ್ನೆಲುಬು ನಾಯಿಯಲ್ಲ, ಬೆಟ್ಟಿಂಗ್.

4/8 ಗಾಜಿನ ಪೆಟ್ಟಿಗೆಯಲ್ಲಿ ಒಬ್ಬ ಹೀರೋ

ಆ ಕಾಲದ ಸೂಪರ್‌ಸ್ಟಾರ್ ಮಿಕ್ ದ ಮಿಲ್ಲರ್. ಐರ್ಲೆಂಡಿನ ಆಫಲಿ ಕೌಂಟಿಯ ಕಿಲ್ಲೈ ಅನ್ನೋ ಹಳ್ಳಿಯಲ್ಲಿ ಒಬ್ಬ ಪಾದ್ರಿ ಸಾಕಿದ ನಾಯಿ. 1929 ಮತ್ತು 1930, ಎರಡು ವರ್ಷ ಸತತ ಇಂಗ್ಲಿಷ್ ಡರ್ಬಿ ಗೆದ್ದ. ನಿವೃತ್ತಿಯಾದ ಮೇಲೆ 1934ರಲ್ಲಿ ಸಿನಿಮಾದಲ್ಲೂ ಕಾಣಿಸಿಕೊಂಡ. 1939ರಲ್ಲಿ ಸತ್ತಾಗ ಅವನ ದೇಹವನ್ನ ಕೆಡದ ಹಾಗೆ ಸಂರಕ್ಷಿಸಿ ಮ್ಯೂಸಿಯಮ್ಮಿಗೆ ಕೊಟ್ಟರು. ಇವತ್ತಿಗೂ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಮ್ಮಿನ ಗಾಜಿನ ಹಿಂದೆ ನಿಂತಿದ್ದಾನೆ.

ಸರಿ, ಗೆದ್ದವನ ಕತೆ ಆಯ್ತು. ಸೋತವರು?

ಒಂದು ಸಣ್ಣ ಲೆಕ್ಕ ಹಾಕೋಣ. ಗ್ರೇಹೌಂಡ್ ಓಟ ಶುರು ಮಾಡೋದು ಸುಮಾರು ಒಂದೂವರೆ ವರ್ಷಕ್ಕೆ. ಮೂರರಿಂದ ಐದು ವರ್ಷದೊಳಗೆ ಅದರ ಓಟ ಮುಗೀತು. ಕಾಲು ಮುರಿದ್ರೆ, ವೇಗ ಸಾಲದಿದ್ರೆ ಇನ್ನೂ ಮೊದಲೇ. ಆದರೆ ಅದರ ಆಯಸ್ಸು ಹತ್ತರಿಂದ ಹದಿಮೂರು ವರ್ಷ. ಅಂದ್ರೆ ದುಡಿಮೆ ಮುಗಿದ ಮೇಲೂ ಏಳೆಂಟು ವರ್ಷದ ಬದುಕು ಬಾಕಿ. ಆ ಏಳೆಂಟು ವರ್ಷಕ್ಕೆ ಅನ್ನ ಹಾಕೋರು ಯಾರು? ಟ್ರೇನರ್ ಹಾಕೋಕಾಗಲ್ಲ, ಆ ಜಾಗಕ್ಕೆ ಹೊಸ ನಾಯಿ ಬರಬೇಕು. ಮಾಲೀಕ ಎಷ್ಟೋ ಸಲ ಬೇರೆ ಊರಲ್ಲಿ ಇರ್ತಾನೆ. ಟ್ರ್ಯಾಕಿನವರಿಗೆ ಅದು ಸಂಬಂಧವೇ ಇಲ್ಲದ ವಿಷಯ.

ಚೆನ್ನಾಗಿ ಓಡಿದ ಕೆಲವು ತಳಿಗೆ ಉಳಿದವು. ಕೆಲವನ್ನ ಟ್ರೇನರ್‌ಗಳೇ ಪ್ರೀತಿಯಿಂದ ಇಟ್ಟುಕೊಂಡರು, ಅದನ್ನ ಮರೆಯಬಾರದು. ಕೆಲವು ಪ್ರಯೋಗಾಲಯಕ್ಕೆ ಹೋದವು. ಉಳಿದ ಬಹುಪಾಲಿಗೆ ಒಂದು ಇಂಜೆಕ್ಷನ್, ಇಲ್ಲಾಂದ್ರೆ ಒಂದು ಗುಂಡು. ಇದು ಗುಟ್ಟೇನೂ ಆಗಿರಲಿಲ್ಲ. ಯಾರೂ ಕೇಳ್ತಿರಲಿಲ್ಲ, ಅಷ್ಟೇ.

5/8 'ಕಚ್ಚೋ ನಾಯಿನ ಯಾರು ಸಾಕ್ತಾರೆ?'

ಮನೆಗೆ ಕರ್ಕೊಂಡು ಹೋಗಬಹುದಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಆಗ ಹಾಗೆ ಯೋಚಿಸಿದವರೇ ಕಡಿಮೆ. ಒಂದು ಮುಖ್ಯ ಕಾರಣ ಬಾಯಿಕುಕ್ಕೆ. ಓಡುವಾಗ ಒಂದಕ್ಕೊಂದು ಗಾಯ ಮಾಡಿಕೊಳ್ಳಬಾರದು ಅಂತ ಎಲ್ಲ ನಾಯಿಗೂ ಬಾಯಿಗೆ ಕುಕ್ಕೆ ಹಾಕ್ತಾರೆ. ಪೇಪರಿನಲ್ಲಿ ಬರೋ ಪ್ರತಿ ಫೋಟೋದಲ್ಲೂ ಕುಕ್ಕೆ. ನೋಡಿದವರು, ಇದು ಕಚ್ಚೋ ನಾಯಿ ಅಂದುಕೊಂಡರು. ನಿಜ ಅಂದ್ರೆ ಹುಟ್ಟಿದಾಗಿಂದ ಮನುಷ್ಯರ ಕೈಯಲ್ಲೇ ತೂಕ, ತಪಾಸಣೆ, ತಿಕ್ಕಾಟ ಎಲ್ಲ ಮಾಡಿಸಿಕೊಂಡು ಬೆಳೆದ ಸಾಧು ಪ್ರಾಣಿ ಅದು.

ಬದಲಾವಣೆ ಶುರುವಾದದ್ದು ಹೊರಗಿನಿಂದಲ್ಲ, ರೇಸಿನ ಒಳಗಿನಿಂದಲೇ. ಬ್ರಿಟನ್ನಿನಲ್ಲಿ 1975ರಲ್ಲಿ ರೇಸ್ ನಡೆಸೋ ಸಂಸ್ಥೆಯೇ 'ರಿಟೈರ್ಡ್ ಗ್ರೇಹೌಂಡ್ ಟ್ರಸ್ಟ್' ಸ್ಥಾಪಿಸಿತು. 1982ರಲ್ಲಿ ಫ್ಲಾರಿಡಾದ ಟ್ರ್ಯಾಕೊಂದರಲ್ಲಿ ಕೆಲಸಕ್ಕಿದ್ದ ಒಬ್ಬರು, ತಾವು ದಿನಾ ನೋಡ್ತಿದ್ದ ನಾಯಿಗಳಿಗೆ ಮನೆ ಹುಡುಕೋ ಗುಂಪು ಕಟ್ಟಿದರು. 1987ರಲ್ಲಿ 'ಗ್ರೇಹೌಂಡ್ ಪೆಟ್ಸ್ ಆಫ್ ಅಮೆರಿಕ' ಬಂತು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1996ರಲ್ಲಿ ರೇಸ್ ಸಂಸ್ಥೆಯ ದತ್ತು ಯೋಜನೆ ಶುರುವಾಯ್ತು.

ನಡುವೆ ಇನ್ನೊಂದು ಘಟನೆ. 1989ರ ಡಿಸೆಂಬರ್ 17ರಂದು ಟಿವಿಯಲ್ಲಿ ಸಿಂಪ್ಸನ್ಸ್ ಕಾರ್ಟೂನಿನ ಮೊದಲ ಪೂರ್ಣ ಕಂತು ಪ್ರಸಾರವಾಯ್ತು. ಕತೆ ಏನು ಗೊತ್ತಾ? ಕ್ರಿಸ್‌ಮಸ್ ರಾತ್ರಿ ಅಪ್ಪ ಹೋಮರ್ ಕೈಯಲ್ಲಿದ್ದ ಚೂರುಪಾರು ದುಡ್ಡನ್ನ ಒಂದು ಗ್ರೇಹೌಂಡ್ ಮೇಲೆ ಕಟ್ತಾನೆ. ಅದು ಎಲ್ಲರಿಗಿಂತ ಕೊನೆಗೆ ಬರುತ್ತೆ. ಮಾಲೀಕ ಅದನ್ನ ಬೈದು ಓಡಿಸ್ತಾನೆ. ಅಪ್ಪ, ಮಗ ಇಬ್ಬರೂ ಆ ಸೋತ ನಾಯಿಯನ್ನೇ ಮನೆಗೆ ಕರ್ಕೊಂಡು ಬರ್ತಾರೆ. ಮನೆಯವರಿಗೆ ಅದೇ ಕ್ರಿಸ್‌ಮಸ್ ಉಡುಗೊರೆ. ಹಳೇ ರೇಸ್ ನಾಯಿ ಮನೆಯ ನಾಯಿ ಆಗಬಹುದು ಅನ್ನೋದು ಕೋಟ್ಯಂತರ ಮಕ್ಕಳಿಗೆ ಗೊತ್ತಾದದ್ದು ಹೀಗೆ.

6/8 ಮೆಟ್ಟಿಲು ನೋಡದ ನಾಯಿ

ಮನೆಗೆ ಬಂದ ಮೊದಲ ದಿನ ಹೇಗಿರುತ್ತೆ? ನಾಲ್ಕು ವರ್ಷದ ನಾಯಿ, ಆದರೆ ಮನೆ ಅನ್ನೋದನ್ನೇ ನೋಡಿಲ್ಲ. ದಿನದ ಬಹುಪಾಲು ಕೆನಲ್ಲಿನ ಗೂಡಿನಲ್ಲಿ, ಉಳಿದದ್ದು ಅಂಗಳ ಮತ್ತು ಟ್ರ್ಯಾಕಿನಲ್ಲಿ ಕಳೆದ ಬದುಕು. ಮೆಟ್ಟಿಲ ಮುಂದೆ ನಿಂತು ನಡುಗುತ್ತೆ. ಒಂದೊಂದೇ ಕಾಲು ಎತ್ತಿಟ್ಟು ಕಲಿಸಬೇಕು. ಗಾಜಿನ ಬಾಗಿಲಿಗೆ ಹೋಗಿ ಗುದ್ದಿಕೊಳ್ಳುತ್ತೆ. ಕನ್ನಡಿಯಲ್ಲಿ ಇನ್ನೊಂದು ನಾಯಿ ಕಂಡು ಗಾಬರಿಯಾಗುತ್ತೆ. 'ಕೂತ್ಕೋ' ಅಂದ್ರೆ ಕೂರಲ್ಲ. ಹಟ ಅಲ್ಲ, ತೊಡೆಯ ಮಾಂಸಖಂಡ ಅಷ್ಟು ದಪ್ಪ ಇರೋದ್ರಿಂದ ಬಹಳಷ್ಟಕ್ಕೆ ಕೂರೋ ಭಂಗಿಯೇ ಕಷ್ಟ.

ಮಲಗಿದಾಗ ಮುಟ್ಟಬಾರದು. ಅಲ್ಲಿ ನಿದ್ದೆಯಲ್ಲಿದ್ದಾಗ ಯಾರೂ ಅದನ್ನ ಮುಟ್ಟಿ ಎಬ್ಬಿಸಿಲ್ಲ. ದಿಢೀರ್ ಅಂತ ಕೈ ತಾಗಿದ್ರೆ ಬೆಚ್ಚಿ ಬಾಯಿ ಹಾಕಬಹುದು. ಮೊದಲು ಹೆಸರು ಹಿಡಿದು ಕರೀಬೇಕು. ಮಕ್ಕಳಿರೋ ಮನೆಯಲ್ಲಿ ಇದು ಮೊದಲ ಪಾಠ. ಬೆಕ್ಕಿರೋ ಮನೆಗೆ ಎಲ್ಲ ಗ್ರೇಹೌಂಡೂ ಆಗಿಬರಲ್ಲ, ದತ್ತು ಕೊಡೋರು ಅದನ್ನ ಪರೀಕ್ಷೆ ಮಾಡಿಯೇ ಹೇಳ್ತಾರೆ. ಬೇಲಿ ಇಲ್ಲದ ಜಾಗದಲ್ಲಿ ಬೆಲ್ಟ್ ಬಿಚ್ಚೋ ಹಾಗಿಲ್ಲ. ದೂರದಲ್ಲಿ ಒಂದು ಅಳಿಲು ಓಡಿದರೂ ಸಾಕು, ನೀವು ಕರೆಯೋಷ್ಟರಲ್ಲಿ ಅದು ರಸ್ತೆ ದಾಟಿರುತ್ತೆ. ತಲೆಗಿಂತ ಕತ್ತೇ ದಪ್ಪ, ಹಾಗಾಗಿ ಮಾಮೂಲಿ ಪಟ್ಟಿ ಜಾರಿ ಹೋಗುತ್ತೆ. ಎಳೆದಾಗ ಬಿಗಿಯಾಗೋ ಅಗಲ ಪಟ್ಟಿಯೇ ಬೇಕು.

ವೈದ್ಯರೂ ಹುಷಾರಾಗಿರಬೇಕು. ಇದರ ಮೈಯಲ್ಲಿ ಕೊಬ್ಬು ತೀರಾ ಕಡಿಮೆ, ಕೆಲವು ಔಷಧಿ ನಿಧಾನವಾಗಿ ಕರಗುತ್ತೆ. ಥಯೋಪೆಂಟಾಲ್‌ನಂಥ ಅರಿವಳಿಕೆ ಕೊಟ್ಟರೆ ಬೇರೆ ನಾಯಿಗಿಂತ ಬಹಳ ಹೊತ್ತು ಎಚ್ಚರವೇ ಆಗಲ್ಲ. ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಮಾತ್ರ ಬೇರೆ ನಾಯಿಗಿಂತ ಹೆಚ್ಚು. ಅದಕ್ಕೇ ಎಷ್ಟೋ ಹಳೇ ರೇಸ್ ನಾಯಿಗಳು ಬೇರೆ ನಾಯಿಗಳಿಗೆ ರಕ್ತದಾನಿಗಳು.

ಇಷ್ಟೆಲ್ಲ ಆದಮೇಲೆ ಎಲ್ಲರೂ ಹೇಳೋ ಆಶ್ಚರ್ಯ ಒಂದೇ: ಇದು ಓಡೋದೇ ಇಲ್ಲ! ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ನಡಿಗೆ. ಉಳಿದ ಹೊತ್ತೆಲ್ಲ ನಿದ್ದೆ.

7/8 ಹತ್ತು ಡಾಲರ್, ಹತ್ತು ಪೌಂಡ್

ಹೀಗೆ ದತ್ತು ಹೆಚ್ಚುತ್ತಾ ಹೋಯ್ತು. ಹಾಗಾದ್ರೆ ಸಮಸ್ಯೆ ಮುಗೀತಾ?

2002, ಅಮೆರಿಕದ ಅಲಬಾಮ. ಪಕ್ಕದ ಫ್ಲಾರಿಡಾದ ಟ್ರ್ಯಾಕಿನಲ್ಲಿ ಹಿಂದೆ ಕಾವಲುಗಾರನಾಗಿದ್ದ ಮುದುಕನೊಬ್ಬನ ಜಮೀನಿನಲ್ಲಿ ಸಾವಿರಾರು ಗ್ರೇಹೌಂಡ್‌ಗಳ ಅವಶೇಷ ಸಿಕ್ಕಿತು. ನಾಯಿಯೊಂದಕ್ಕೆ ಹತ್ತು ಡಾಲರ್ ತಗೊಂಡು ಗುಂಡು ಹೊಡೀತಿದ್ದ. 2006, ಇಂಗ್ಲೆಂಡಿನ ಸೀಹ್ಯಾಮ್. ಒಬ್ಬ ವ್ಯಾಪಾರಿ ಹದಿನೈದು ವರ್ಷದಲ್ಲಿ ಹತ್ತು ಸಾವಿರದಷ್ಟು ಗ್ರೇಹೌಂಡ್ ಕೊಂದು ಮನೆ ಹಿಂದಿನ ಜಾಗದಲ್ಲಿ ಹೂತಿದ್ದಾನೆ ಅಂತ ಪತ್ರಿಕೆಯೊಂದು ಬಯಲು ಮಾಡಿತು. ಅಲ್ಲೂ ತಲೆಗೆ ಹತ್ತು ಪೌಂಡ್. ಅವನಿಗೆ 2,000 ಪೌಂಡ್ ದಂಡ ಬಿತ್ತು. ಯಾವುದಕ್ಕೆ ಗೊತ್ತಾ? ಕೊಂದದ್ದಕ್ಕಲ್ಲ, ಪರವಾನಗಿ ಇಲ್ಲದೆ ಹೂತದ್ದಕ್ಕೆ. ಕೊಲ್ಲೋದು ಕಾನೂನಿನ ಕಣ್ಣಲ್ಲಿ ತಪ್ಪೇ ಆಗಿರಲಿಲ್ಲ.

2015ರಲ್ಲಿ ಆಸ್ಟ್ರೇಲಿಯಾದ 'ಫೋರ್ ಕಾರ್ನರ್ಸ್' ಟಿವಿ ಕಾರ್ಯಕ್ರಮ ಇನ್ನೊಂದು ಸತ್ಯ ತೋರಿಸಿತು. ಕೆಲವು ಟ್ರೇನರ್‌ಗಳು ನಾಯಿಗೆ ಹುರುಪು ತುಂಬೋಕೆ ಮೊಲ, ಪೊಸಮ್, ಹಂದಿಮರಿಗಳನ್ನ ಜೀವಂತ ಕಟ್ಟಿ ಓಡಿಸ್ತಿದ್ರು. ಮೊಲ ಉಳಿಸೋಕೆ ಬಂದ ಯಂತ್ರ ಕೊನೆಗೆ ಮೊಲವನ್ನೂ ಪೂರ್ತಿ ಉಳಿಸಲಿಲ್ಲ. ನಂತರ ನ್ಯೂ ಸೌತ್ ವೇಲ್ಸ್ ರಾಜ್ಯದ ವಿಚಾರಣಾ ಆಯೋಗ, ಹನ್ನೆರಡು ವರ್ಷದಲ್ಲಿ ಆ ರಾಜ್ಯದಲ್ಲಿ ಸತ್ತ ಗ್ರೇಹೌಂಡ್‌ಗಳು 48,000ದಿಂದ 68,000 ಅಂತ ಅಂದಾಜು ಮಾಡಿತು. ಹುಟ್ಟಿದವುಗಳಲ್ಲಿ ಕನಿಷ್ಠ ಅರ್ಧ. 2016ರ ಜುಲೈನಲ್ಲಿ ಸರ್ಕಾರ ನಿಷೇಧ ಘೋಷಿಸಿತು, ಅಕ್ಟೋಬರಿನಲ್ಲಿ ಹಿಂದೆ ತಗೊಂಡಿತು.

ಈಗ ದತ್ತು ಪಡೆದವರ ನಡುವೆಯೇ ಜಗಳ. ಕೆಲವರು ಹೇಳಿದ್ರು: ರೇಸಿನವರ ಜೊತೆ ಜಗಳ ಆಡಿದ್ರೆ ಅವರು ನಮಗೆ ನಾಯಿ ಕೊಡಲ್ಲ, ನಾಯಿಗೇ ನಷ್ಟ. 'ಗ್ರೇಹೌಂಡ್ ಪೆಟ್ಸ್ ಆಫ್ ಅಮೆರಿಕ' ರೇಸಿನ ಪರವೂ ಅಲ್ಲ, ವಿರೋಧವೂ ಅಲ್ಲ ಅಂತಲೇ ನಿಂತಿತು. ಇನ್ನು ಕೆಲವರು ಕೇಳಿದ್ರು: ನಾವು ಹಿಂಬಾಗಿಲಲ್ಲಿ ನಿಂತು ಒಂದು ಉಳಿಸುವಾಗ ಮುಂಬಾಗಿಲಲ್ಲಿ ಹತ್ತು ಹುಟ್ಟಿಸ್ತಾ ಇದ್ರೆ, ನಾವು ಮಾಡ್ತಿರೋದು ಯಾರ ಸೇವೆ?

ಎರಡೂ ಮಾತಿನಲ್ಲಿ ಸತ್ಯ ಇತ್ತು. ಟ್ರ್ಯಾಕಿನವರಿಗೆ ದತ್ತು ಯೋಜನೆ ಒಳ್ಳೆ ಹೆಸರು ತಂದುಕೊಟ್ಟಿತು, ನಿಜ. ಆದರೆ ಅದರಿಂದಲೇ ಸಾವಿರಾರು ಮನೆಗಳಲ್ಲಿ, ಪಾರ್ಕುಗಳಲ್ಲಿ, ಶಾಲೆ ಗೇಟಿನ ಮುಂದೆ ಈ ನಾಯಿ ಕಾಣಿಸಿಕೊಂಡಿತು. ಜನಕ್ಕೆ ಅದು ನಂಬರ್ ಆಗಿ ಉಳಿಯಲಿಲ್ಲ, ಪಕ್ಕದ ಮನೆ ನಾಯಿ ಆಯ್ತು. ಮ್ಯಾಸಚೂಸೆಟ್ಸ್ ಮತದಾರರು 2008ರಲ್ಲಿ ಓಟ ನಿಷೇಧಿಸಿದ್ರು. 2018ರಲ್ಲಿ ಫ್ಲಾರಿಡಾದಲ್ಲಿ, ದೇಶದ 17 ಟ್ರ್ಯಾಕ್‌ಗಳಲ್ಲಿ 11 ಇದ್ದ ರಾಜ್ಯದಲ್ಲಿ, ಶೇ. 69 ಮತ ನಿಷೇಧಕ್ಕೆ ಬಿತ್ತು. ಮನೆಗೆ ಬಂದ ನಾಯಿಗಳ ಪಾಲೂ ಆ ಮತದಲ್ಲಿ ಇದೆ ಅಂತ ನನಗನ್ನಿಸುತ್ತೆ.

8/8 ಕೊನೆಯ 533

ನಿಷೇಧ ಆದ ದಿನ ಒಳಗಿರೋ ನಾಯಿಗಳ ಗತಿ? ಈ ಪ್ರಶ್ನೆ ಮಕಾವ್‌ನಲ್ಲಿ ನಿಜವಾಗಿ ಎದುರಾಯ್ತು. ಅಲ್ಲಿನ ಕ್ಯಾನಿಡ್ರೋಮ್ ಟ್ರ್ಯಾಕಿಗೆ ನಾಯಿಗಳು ಬರ್ತಿದ್ದದ್ದು ಆಸ್ಟ್ರೇಲಿಯಾದಿಂದ. ಒಮ್ಮೆ ಒಳಗೆ ಹೋದ ನಾಯಿ ಜೀವಂತ ಹೊರಗೆ ಬರಲ್ಲ ಅಂತ ಪ್ರಾಣಿದಯಾ ಸಂಘಟನೆಗಳು ವರ್ಷಗಟ್ಟಲೆ ದೂರಿದ್ದವು. 2018ರ ಜುಲೈನಲ್ಲಿ ಟ್ರ್ಯಾಕ್ ಮುಚ್ಚಿತು. 533 ನಾಯಿಗಳನ್ನ ಹಾಗೇ ಬಿಟ್ಟು ಹೋದರು. ಸರ್ಕಾರ ವಶಕ್ಕೆ ತಗೊಂಡಿತು. 'ಅನಿಮಾ' ಅನ್ನೋ ಸ್ಥಳೀಯ ಸಂಘಟನೆ ಜಗತ್ತಿನಾದ್ಯಂತ ಮನೆ ಹುಡುಕಿತು. ಇಟಲಿ, ಅಮೆರಿಕ, ಬ್ರಿಟನ್, ಹಾಂಗ್‌ಕಾಂಗ್ ಹೀಗೆ ವಿಮಾನ ಹತ್ತಿಸಿ ಕಳಿಸಿದ್ರು.

ಫ್ಲಾರಿಡಾದ ಕೊನೆಯ ಓಟ ನಡೆದದ್ದು 2020ರ ಡಿಸೆಂಬರ್ 31ರ ರಾತ್ರಿ. ಸಾವಿರಾರು ನಾಯಿ ಬೀದಿಪಾಲಾಗುತ್ತೆ ಅಂತ ಹೆದರಿಸಿದವರಿದ್ರು. ಆದದ್ದು ಉಲ್ಟಾ. ನಾಯಿಗಿಂತ ಮನೆಗಳೇ ಹೆಚ್ಚಾಗಿ, ದತ್ತು ಕೇಳಿದವರು ಸರದಿಯಲ್ಲಿ ಕಾಯಬೇಕಾಯ್ತು. ಎಷ್ಟೋ ಗುಂಪುಗಳು ಐರ್ಲೆಂಡ್, ಆಸ್ಟ್ರೇಲಿಯಾಗಳಿಂದ ನಾಯಿ ತರಿಸಿಕೊಂಡವು. ಅದೇ ವರ್ಷ ಬೆಲ್‌ವ್ಯೂ ಟ್ರ್ಯಾಕೂ ಬಾಗಿಲು ಹಾಕಿತು. 2024ರ ಡಿಸೆಂಬರಿನಲ್ಲಿ ನ್ಯೂಜಿಲೆಂಡ್, 2025ರ ಫೆಬ್ರವರಿಯಲ್ಲಿ ವೇಲ್ಸ್ ಸರ್ಕಾರ ಓಟ ನಿಲ್ಲಿಸೋ ನಿರ್ಧಾರ ಪ್ರಕಟಿಸಿದವು. ಆದರೆ ಇಂಗ್ಲೆಂಡ್, ಐರ್ಲೆಂಡ್ ಮತ್ತು ಆಸ್ಟ್ರೇಲಿಯಾದ ಬಹುಪಾಲು ರಾಜ್ಯಗಳಲ್ಲಿ ಯಂತ್ರದ ಮೊಲ ಇನ್ನೂ ಸುತ್ತುತ್ತಿದೆ.

ಹಾಗಾಗಿ ಮೆಲ್ಬರ್ನ್, ಡಬ್ಲಿನ್, ಬರ್ಮಿಂಗ್‌ಹ್ಯಾಮ್ ಕಡೆ ಇರೋ ನಮ್ಮ ಕನ್ನಡದವರಿಗೆ ಇದು ಬರೀ ಹಳೇ ಕತೆ ಅಲ್ಲ. ಮನೆಗೆ ನಾಯಿ ಬೇಕು ಅಂತಿದ್ರೆ ಒಮ್ಮೆ ಯೋಚಿಸಿ. ಬೆಕ್ಕಿದ್ರೆ ಹೇಳಿ, ಮಕ್ಕಳ ವಯಸ್ಸು ಹೇಳಿ, ಮೆಟ್ಟಿಲಿದ್ರೆ ಅದನ್ನೂ ಹೇಳಿ. ಮೊದಲ ಮೂರು ತಿಂಗಳು ತಾಳ್ಮೆ ಇಟ್ಕೊಳ್ಳಿ.

ಮೊದಲ ಫೋಟೋಗೆ ವಾಪಸ್ ಹೋಗಿ ಇನ್ನೊಮ್ಮೆ ಆ ಕಿವಿ ನೋಡಿ. ಆ ಹಚ್ಚೆ ಅಳಿಸೋಕಾಗಲ್ಲ. ಒಂದು ಕಾಲಕ್ಕೆ ಅದು ಯಾರ ಆಸ್ತಿ ಅಂತ ಹೇಳ್ತಿತ್ತು. ಈಗ ಅದೇ ಕಿವಿ, ಅಡುಗೆಮನೆಯಲ್ಲಿ ಬಿಸ್ಕತ್ ಡಬ್ಬಿ ಮುಚ್ಚಳ ತೆಗೆದ ಸದ್ದಿಗೆ ನೆಟ್ಟಗಾಗುತ್ತೆ.

ಮುಂದಿನ ಸರಣಿಯಲ್ಲಿ ನಮ್ಮ ಮುಧೋಳದ ನಾಯಿ ಕತೆ ಹೇಳ್ತೀನಿ. ಸಿಗೋಣ.

#ಗ್ರೇಹೌಂಡ್ #ನಾಯಿಕತೆ #ಕನ್ನಡಇತಿಹಾಸ #ದತ್ತು